ಶಿರಸಿಯಲ್ಲಿ ಕೂತು ಇಇಜಿ ಪ್ರಾಜೆಕ್ಟ್ ಮಾಡೋದಾದರೆ ಯಾವ ದಾರಿ?

ಈ ವರ್ಷ ಒಂದೇ ಪ್ರಶ್ನೆ ಮೂರು ಕಡೆಯಿಂದ ಬಂತು. ಕುಮಟಾದ ಇಬ್ಬರು ಬಿಎಸ್‌ಸಿ ಹುಡುಗಿಯರು ಕೇಳಿದರು. ಕಾರವಾರದ ಒಬ್ಬ ಇಂಜಿನಿಯರಿಂಗ್ ಹುಡುಗ ಕೇಳಿದ. ಸಿದ್ದಾಪುರದ ಹೈಸ್ಕೂಲ್ ಮೇಷ್ಟ್ರೊಬ್ಬರು ಫೋನ್ ಮಾಡಿ ಕೇಳಿದರು. ಕಣ್ಣಿಗೆ ಬಿದ್ದ ವಸ್ತುವನ್ನು ಮಿದುಳು ಹೇಗೆ ಗುರುತು ಹಿಡಿಯುತ್ತದೆ ಅಂತ ಇಇಜಿಯಲ್ಲಿ ನೋಡಬೇಕು, ಯಾವ ಮಷಿನ್ ತಗೊಳ್ಳೋದು ಸರ್? ಇಇಜಿ ಅಂದರೆ ತಲೆ ಮೇಲೆ ಎಲೆಕ್ಟ್ರೋಡ್ ಅನ್ನುವ ಚಿಕ್ಕ ಬಿಲ್ಲೆಗಳನ್ನು ಕೂರಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯೋದು.

ನಾನು ಶಿರಸಿಯಲ್ಲಿ ಪದವಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವನು. ಈ ವಿಷಯದ ಹುಚ್ಚು ಹತ್ತಿದ್ದು ಮನೆಯ ಅಡಿಕೆ ಅಂಗಳದಲ್ಲಿ. ನಮ್ಮಲ್ಲಿ ಅಡಿಕೆ ಆರಿಸಲು ಬರುವ ಅಕ್ಕ ಒಬ್ಬರಿದ್ದಾರೆ. ಮೊರದ ತುಂಬ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಇಟ್ಟರೆ ಒಳ್ಳೇದು ಒಂದು ಕಡೆ, ಕೋಕಾ ಅನ್ನುವ ಕೀಳು ಅಡಿಕೆ ಇನ್ನೊಂದು ಕಡೆ, ಮಾತಾಡ್ತಾ ಮಾತಾಡ್ತಾ ಎಸೆಯುತ್ತಾರೆ. ನಾನು ಒಂದೊಂದನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರೂ ಹತ್ತರಲ್ಲಿ ಎರಡು ತಪ್ಪು. ಅವರು ಯಾವಾಗ ನೋಡಿದರು, ಯಾವಾಗ ತೀರ್ಮಾನಿಸಿದರು? ಕಣ್ಣಿಗೆ ಕಾಣದ ಆ ಕಾಲು ಸೆಕೆಂಡು ಇಇಜಿಗೆ ಕಾಣುತ್ತದೆ. ಅದೇ ಅದರ ಶಕ್ತಿ.

ಮಷಿನ್ ಕೊನೆಗೆ ಬರಲಿ. ಮೊದಲು ಏನನ್ನು ಅಳೆದು ಆರಿಸಬೇಕು ಅನ್ನೋದು ನೋಡೋಣ.

ಆರಿಸುವ ಮೊದಲು ಕೇಳಿಕೊಳ್ಳುವ ಪ್ರಶ್ನೆಗಳು

ನಿಮ್ಮ ಪ್ರಶ್ನೆ "ಯಾವಾಗ" ಅಂತಲೋ, "ಬೇರೆ ಅಂತ ಗೊತ್ತಾಯಿತಾ" ಅಂತಲೋ, "ಯಾವ ವಸ್ತು ಅಂತ ಊಹಿಸಬಹುದಾ" ಅಂತಲೋ? ಮೂರಕ್ಕೂ ಬೇಕಾಗುವ ಸಲಕರಣೆ ಬೇರೆ ಬೇರೆ.

"ಯಾವಾಗ" ಅನ್ನೋದಕ್ಕೆ ಹಳೇ, ಗಟ್ಟಿ ಉತ್ತರಗಳಿವೆ. ಚಿತ್ರ ಕಂಡು ಸುಮಾರು 100 ಮಿಲಿಸೆಕೆಂಡಿಗೆ ತಲೆಯ ಹಿಂಭಾಗದಲ್ಲಿ ಒಂದು ಅಲೆ ಏಳುತ್ತದೆ. ಅದು ಹೆಚ್ಚಾಗಿ ಬೆಳಕು, ಗೆರೆ, ಕಪ್ಪು ಬಿಳುಪಿನ ವ್ಯತ್ಯಾಸಕ್ಕೆ ಏಳುವಂಥದ್ದು. ಸುಮಾರು 170ರಲ್ಲಿ ಕೆಳಮುಖದ ಇನ್ನೊಂದು ಅಲೆ. ಮುಖ ಕಂಡರೆ ಇದು ದೊಡ್ಡದು, ಕಾರು ಕುರ್ಚಿ ಕಂಡರೆ ಚಿಕ್ಕದು, ಬಲಗಡೆ ಕಿವಿಯ ಹಿಂದೆ ಚೆನ್ನಾಗಿ ಸಿಗುತ್ತದೆ. ಇದಕ್ಕೆ ಎನ್170 ಅಂತ ಹೆಸರು. 1996ರಲ್ಲಿ ಶ್ಲೋಮೋ ಬೆಂಟಿನ್ ತಂಡ ಇದನ್ನು ವಿವರವಾಗಿ ತೋರಿಸಿತು. ಅದೇ ವರ್ಷ ಫ್ರಾನ್ಸಿನಲ್ಲಿ ಸೈಮನ್ ಥೋರ್ಪ್ ತಂಡ ಬರೀ 20 ಮಿಲಿಸೆಕೆಂಡು ಚಿತ್ರ ಮಿಂಚಿಸಿ, ಅದರಲ್ಲಿ ಪ್ರಾಣಿ ಇದೆಯೋ ಇಲ್ಲವೋ ಅಂತ ಕೇಳಿತು. ಸುಮಾರು 150 ಮಿಲಿಸೆಕೆಂಡಿಗೇ ಎರಡರ ಅಲೆಗಳು ಬೇರೆಯಾಗಿದ್ದವು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು 2001ರ ತನಾಕಾ ಮತ್ತು ಕರನ್ ಅವರ ಕೆಲಸ. ಹಕ್ಕಿ ಬಲ್ಲವರಿಗೆ ಹಕ್ಕಿ ಕಂಡಾಗ, ನಾಯಿ ಬಲ್ಲವರಿಗೆ ನಾಯಿ ಕಂಡಾಗ ಎನ್170 ದೊಡ್ಡದಾಗಿತ್ತು. ಅಡಿಕೆ ಬಲ್ಲವರಿಗೆ ಅಡಿಕೆ ಕಂಡರೆ? ಪ್ರಾಜೆಕ್ಟ್ ಅಲ್ಲೇ ಇದೆಯಲ್ವಾ.

ಎರಡನೇದು, ಎಲೆಕ್ಟ್ರೋಡ್ ಎಲ್ಲಿ ಕೂರುತ್ತದೆ. ನೋಡುವ ಕೆಲಸ ನಡೆಯೋದು ತಲೆಯ ಹಿಂದೆ ಮತ್ತು ಕಿವಿಗಳ ಹಿಂಬದಿಯಲ್ಲಿ. ಇಇಜಿಯವರ ಭಾಷೆಯಲ್ಲಿ ಓ1, ಓ2, ಪಿ7, ಪಿ8 ಅನ್ನುವ ಜಾಗಗಳು. ಹಣೆ ಮೇಲೆ ಮಾತ್ರ ಕೂರುವ ಸಲಕರಣೆ ಎಷ್ಟೇ ಚೆಂದ ಇದ್ದರೂ ಈ ಕೆಲಸಕ್ಕೆ ಬಾರದು.

ಮೂರನೇದನ್ನು ಎಲ್ಲರೂ ಮರೆಯುತ್ತಾರೆ. ಚಿತ್ರ ಪರದೆಗೆ ಬಂದ ಕ್ಷಣ ಇಇಜಿಯ ದಾಖಲೆಯಲ್ಲಿ ಗುರುತಾಗಬೇಕು. ಇದಕ್ಕೆ ಟ್ರಿಗರ್ ಅನ್ನುತ್ತಾರೆ. ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ, ಅಂದರೆ ಒಂದು ಸಲಕ್ಕೆ 16.7 ಮಿಲಿಸೆಕೆಂಡು. ಟ್ರಿಗರ್ ಒಮ್ಮೆ 10, ಒಮ್ಮೆ 60 ಮಿಲಿಸೆಕೆಂಡು ತಡವಾಗಿ ಬಿದ್ದರೆ ಎನ್170 ಕಲಸಿಹೋಗುತ್ತದೆ.

ನಾಲ್ಕನೇದು ತಾಳ್ಮೆ. ನಮಗೆ ಬೇಕಾದ ಅಲೆ ಕೆಲವೇ ಮೈಕ್ರೋವೋಲ್ಟ್. ಒಂದು ಸಲದ ಗದ್ದಲ, ಅಂದರೆ ಜೊತೆಗೆ ಸೇರಿಬರುವ ಬೇಡದ ಏರಿಳಿತ, 20 ಮೈಕ್ರೋವೋಲ್ಟ್ ಅಂದುಕೊಳ್ಳಿ. 16 ಸಲ ತೋರಿಸಿ ಸರಾಸರಿ ತೆಗೆದರೆ ಗದ್ದಲ 5ಕ್ಕೆ ಇಳಿಯುತ್ತದೆ, 100 ಸಲ ತೋರಿಸಿದರೆ 2ಕ್ಕೆ. ವರ್ಗಮೂಲದ ಲೆಕ್ಕ, ಹಾಗಾಗಿ ಶುರುವಿನಲ್ಲಿ ಲಾಭ ಜಾಸ್ತಿ, ಆಮೇಲೆ ಕಮ್ಮಿ. ಪ್ರತಿ ಬಗೆಗೆ ನೂರು ಚಿತ್ರ ಅಂತ ಇಟ್ಟುಕೊಂಡರೆ ಒಬ್ಬರು ಎಷ್ಟು ಹೊತ್ತು ಕೂರಬೇಕು ಅಂತ ನೀವೇ ಲೆಕ್ಕ ಹಾಕಿ.

ಕೊನೇದು ನಮ್ಮೂರಿನ ಸಂಗತಿ: ಎಣ್ಣೆ, ಬೆವರು, ಕರೆಂಟು. ಅದನ್ನು ಬೇರೆಯಾಗಿ ಹೇಳುತ್ತೇನೆ.

ಇಇಜಿಯೇ ಬೇಡ ಅನ್ನುವ ದಾರಿ

ನಗಬೇಡಿ. "ಯಾರು ಬೇಗ, ಯಾರು ಸರಿಯಾಗಿ ಗುರುತಿಸುತ್ತಾರೆ" ಅನ್ನೋದಷ್ಟೇ ನಿಮ್ಮ ಪ್ರಶ್ನೆಯಾದರೆ ಲ್ಯಾಪ್‌ಟಾಪ್, ಕೀಬೋರ್ಡ್, ಸೈಕೋಪೈ ಸಾಕು. ತಂತ್ರಾಂಶ ಉಚಿತ. ಹೈಸ್ಕೂಲ್ ಮೇಷ್ಟ್ರಿಗೆ ನಾನು ಇದನ್ನೇ ಹೇಳಿದೆ. ಮಕ್ಕಳ ತಲೆಗೆ ವೈರು ಅಂಟಿಸೋದಕ್ಕೆ ಮೊದಲು ಮನೆಯವರ ಒಪ್ಪಿಗೆ, ಮಕ್ಕಳದ್ದೇ ಒಪ್ಪಿಗೆ, ನೈತಿಕ ಸಮಿತಿಯ ಅನುಮತಿ ಎಲ್ಲ ಬೇಕು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಗುಂಡಿ ಒತ್ತಿಸುವ ಪ್ರಯೋಗಕ್ಕೂ ಒಪ್ಪಿಗೆ ಕೇಳಬೇಕು, ಆದರೆ ತಲೆನೋವು ಕಮ್ಮಿ.

ಬೇರೆಯವರು ಅಳೆದಿಟ್ಟ ದತ್ತಾಂಶ

ದುಡ್ಡಿಲ್ಲದವರಿಗೆ ಇದು ಬಡವರ ದಾರಿ ಅಂತ ಹೇಳೋರಿದ್ದಾರೆ. ನಾನು ಒಪ್ಪೋದಿಲ್ಲ. ನೀವು ಹತ್ತು ವರ್ಷ ದುಡಿದರೂ ಕೂಡಿಸಲಾಗದಷ್ಟು ಅಳತೆ ಇಲ್ಲಿ ಬಿಟ್ಟಿ ಸಿಗುತ್ತದೆ.

ಮೊದಲಿಗೆ ಇಆರ್‌ಪಿ ಕೋರ್ ಅನ್ನುವ ಇಇಜಿ ಸಂಗ್ರಹ. 2021ರಲ್ಲಿ ಪ್ರಕಟವಾದದ್ದು, 40 ಜನರದ್ದು. ಅದರಲ್ಲಿ ಮುಖ ಮತ್ತು ಕಾರು ತೋರಿಸಿ ಎನ್170 ಅಳೆದ ಭಾಗ ಇದೆ. ಚಿಕ್ಕದು, ಅಚ್ಚುಕಟ್ಟು, ಕಲಿಯೋದಕ್ಕೆ ಇದಕ್ಕಿಂತ ಒಳ್ಳೇದು ನಾನು ನೋಡಿಲ್ಲ. ಮುಂದಿನ ಹಂತಕ್ಕೆ ಥಿಂಗ್ಸ್ ಹೆಸರಿನ ಸಂಗ್ರಹಗಳು. ಮೂಲದಲ್ಲಿ 1,854 ಬಗೆಯ ವಸ್ತುಗಳ ಚಿತ್ರಕೋಶ ಅದು. ಅದನ್ನು ಹಿಡಿದು 2022ರಲ್ಲಿ ಎರಡು ಇಇಜಿ ಸಂಗ್ರಹ ಬಂದವು. ಒಂದರಲ್ಲಿ 50 ಜನ, ಸೆಕೆಂಡಿಗೆ 10 ಚಿತ್ರದ ವೇಗದಲ್ಲಿ 22,248 ಚಿತ್ರ ನೋಡಿದ್ದಾರೆ. ಇನ್ನೊಂದರಲ್ಲಿ ಬರೀ 10 ಜನ, ಆದರೆ ಒಬ್ಬೊಬ್ಬರಿಂದ 82,160 ಸಲದ ದಾಖಲೆ. ಇಲ್ಲೂ ಆಯ್ಕೆ ಇದೆ ನೋಡಿ. ಜನರ ನಡುವಿನ ವ್ಯತ್ಯಾಸ ಬೇಕಿದ್ದರೆ ಮೊದಲನೇದು. ಅಲೆ ನೋಡಿ ಕಂಪ್ಯೂಟರಿನಿಂದ ವಸ್ತು ಊಹಿಸಬೇಕಿದ್ದರೆ ಎರಡನೇದು. ಎರಡೂ ಹತ್ತಾರು ಜಿಬಿ ಭಾರ. ಊರಿನ ನೆಟ್‌ವರ್ಕ್ ನಂಬಿ ಹಗಲಲ್ಲಿ ಇಳಿಸೋಕೆ ಹೋಗಬೇಡಿ, ರಾತ್ರಿ ಬಿಟ್ಟು ಮಲಗಿ. ವಿಶ್ಲೇಷಣೆಗೆ ಎಂಎನ್‌ಇ ಪೈಥಾನ್ ಅನ್ನುವ ತಂತ್ರಾಂಶ ಉಚಿತ. ಇಇಜಿಲ್ಯಾಬ್ ಕೂಡ ಉಚಿತವೇ, ಆದರೆ ಅದು ಓಡುವ ಮ್ಯಾಟ್‌ಲ್ಯಾಬ್‌ಗೆ ದುಡ್ಡು ಬೇಕು.

"ಯಾವ ವಸ್ತು ಅಂತ ಊಹಿಸುವ" ಆಸೆ ಇರುವವರಿಗೆ ಇಲ್ಲೊಂದು ಕಥೆ ಹೇಳಲೇಬೇಕು. 2017ರಲ್ಲಿ ಒಂದು ತಂಡ 6 ಜನರಿಗೆ 40 ಬಗೆಯ ಚಿತ್ರ ತೋರಿಸಿ, ಬರೀ ಇಇಜಿ ನೋಡಿ ಯಾವ ಬಗೆ ಅಂತ 80 ಶೇಕಡಕ್ಕಿಂತ ಹೆಚ್ಚು ಸರಿಯಾಗಿ ಹೇಳಿದೆವು ಅಂದಿತು. ಎಲ್ಲರೂ ಬೆರಗಾದರು. ಆಮೇಲೆ ಇನ್ನೊಂದು ತಂಡ ಹೂರಣ ಬಿಚ್ಚಿತು. ಮೊದಲಿನವರು ನಾಯಿ ಚಿತ್ರಗಳನ್ನೆಲ್ಲ ಒಟ್ಟಿಗೆ, ಪಿಯಾನೋ ಚಿತ್ರಗಳನ್ನೆಲ್ಲ ಒಟ್ಟಿಗೆ, ಹೀಗೆ ಕಂತು ಕಂತಾಗಿ ತೋರಿಸಿದ್ದರು. ಇಇಜಿ ನಿಮಿಷ ನಿಮಿಷಕ್ಕೂ ತಾನಾಗಿ ಸ್ವಲ್ಪ ಸ್ವಲ್ಪ ಜಾರುತ್ತಿರುತ್ತದೆ. ಕಂಪ್ಯೂಟರ್ ಕಲಿತದ್ದು ನಾಯಿಯನ್ನಲ್ಲ, ಆ ಅರ್ಧ ನಿಮಿಷದ ಜಾರುವಿಕೆಯನ್ನು. ಚಿತ್ರಗಳನ್ನು ಕಲಸಿ ತೋರಿಸಿದಾಗ ಅಂಕಿ ಕುಸಿದುಬಿತ್ತು. ನಿಮ್ಮ ಪ್ರಯೋಗದಲ್ಲಿ ಅಂಕಿ ತುಂಬ ಚೆನ್ನಾಗಿ ಬಂದರೆ ಮೊದಲು ಸಂತೋಷ ಪಡಬೇಡಿ, ಮೊದಲು ಅನುಮಾನ ಪಡಿ.

ಈ ದಾರಿಯ ಕೊರತೆ ಒಂದೇ. ಅಡಿಕೆ ಆರಿಸುವ ಅಕ್ಕನ ತಲೆ ಅದರಲ್ಲಿಲ್ಲ.

ಕೆಲವು ಸಾವಿರದ ಕಿಟ್

ದೆಹಲಿಯ ಅಪ್‌ಸೈಡ್ ಡೌನ್ ಲ್ಯಾಬ್ಸ್‌ನವರ ಬಯೋಆಂಪ್ ಇಎಕ್ಸ್‌ಜಿ ಪಿಲ್‌ನಂಥ ಚಿಕ್ಕ ಬೋರ್ಡುಗಳು ಈ ಬೆಲೆಗೆ ಸಿಗುತ್ತವೆ. ಒಂದು ಚಾನೆಲ್, ಅಂದರೆ ತಲೆಯ ಒಂದೇ ಜಾಗದ ಅಲೆ ಅಳೆಯುತ್ತದೆ, ಹಿಂದೆ ಅದನ್ನು ಕಂಪ್ಯೂಟರಿಗೆ ಕಳಿಸುವ ಆರ್ಡುಯಿನೋ ಅನ್ನುವ ಚಿಕ್ಕ ಬೋರ್ಡು. ಓ1 ಅಥವಾ ಓ2ನಲ್ಲಿ ಒಂದು ಎಲೆಕ್ಟ್ರೋಡ್, ಕಿವಿಯ ಹಿಂದಿನ ಮೂಳೆ ಮೇಲೆ ಎರಡು. ಕಣ್ಣು ಮುಚ್ಚಿಸಿ. ಸೆಕೆಂಡಿಗೆ ಹತ್ತರ ಆಸುಪಾಸಿನ ಅಲೆ ಎದ್ದು ಕಾಣುತ್ತದೆ, ಕಣ್ಣು ತೆರೆದರೆ ಅಡಗುತ್ತದೆ. 1924ರಲ್ಲಿ ಮನುಷ್ಯರ ಇಇಜಿಯನ್ನು ಮೊದಲು ಹಿಡಿದ ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಪ್ರಪಂಚಕ್ಕೆ ಹೇಳಿದ್ದು ಈ ಅಲೆಯನ್ನೇ. ಮಕ್ಕಳು ಅದನ್ನು ಮೊದಲ ಸಲ ನೋಡಿ "ಹೋ" ಅಂದದ್ದು ನನಗಿನ್ನೂ ಕಿವಿಯಲ್ಲಿದೆ.

ಇದರಲ್ಲಿ ಎನ್170 ಸಿಗುತ್ತದಾ? ಹಟ ಹಿಡಿದು ಟ್ರಿಗರ್ ಸರಿ ಮಾಡಿಕೊಂಡರೆ ಸಿಗಬಹುದು. ಆದರೆ ಈ ಕಿಟ್‌ಗೆ ಒಗ್ಗುವ ಬೇರೆ ಉಪಾಯ ಇದೆ. ಟ್ರಿಗರ್ ಚಿಂತೆಯೇ ಇಲ್ಲದ್ದು.

ಸೆಕೆಂಡಿಗೆ 6 ಚಿತ್ರ ಒಂದರ ಹಿಂದೊಂದು ಓಡಿಸಿ. ನಾಲ್ಕು ಮಾಮೂಲಿ ವಸ್ತು, ಐದನೇದು ಮುಖ. ಮತ್ತೆ ನಾಲ್ಕು ವಸ್ತು, ಒಂದು ಮುಖ. ಮಿದುಳು ಪ್ರತಿ ಚಿತ್ರಕ್ಕೂ ಮಿಡಿಯುವುದರಿಂದ, ಅಲೆಯನ್ನು ವೇಗವಾರು ಬಿಡಿಸಿದ ನಕ್ಷೆಯಲ್ಲಿ 6 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 6 ಸಲ ಅನ್ನುವ ಜಾಗದಲ್ಲಿ, ಒಂದು ಮೊನೆ ಬರುತ್ತದೆ. ಮುಖ ಬರೋದು 6 ಭಾಗ 5, ಅಂದರೆ 1.2 ಹರ್ಟ್ಸ್‌ಗೆ. ಮುಖ ಬೇರೆ ಅಂತ ಮಿದುಳಿಗೆ ಗೊತ್ತಾದರೆ ಮಾತ್ರ 1.2ರಲ್ಲಿ ಮತ್ತು ಅದರ ಮಡಿಗಳಾದ 2.4, 3.6ರಲ್ಲಿ ಮೊನೆ ಏಳುತ್ತದೆ. ಗೊತ್ತಾಗದಿದ್ದರೆ ಆ ಜಾಗ ಸಪಾಟು. ಬ್ರೂನೋ ರೋಸಿಯೋನ್ ತಂಡ ಬೆಳೆಸಿದ ವಿಧಾನ ಇದು. ಚಿತ್ರ ಯಾವ ಕ್ಷಣಕ್ಕೆ ಬಂತು ಅಂತ ಗುರುತು ಹಾಕಬೇಕಾಗಿಲ್ಲ, ವೇಗ ಒಂದೇ ಇದ್ದರೆ ಸಾಕು. 60 ಹರ್ಟ್ಸ್ ಪರದೆಯಲ್ಲಿ ಒಂದು ಚಿತ್ರಕ್ಕೆ ಸರಿಯಾಗಿ 10 ಸುತ್ತು. ಒಂದೊಂದು ನಿಮಿಷದ ನಾಲ್ಕಾರು ಕಂತು ಸಾಕು, ಕೂತವರಿಗೂ ಬೇಸರ ಇಲ್ಲ. ನೋಡುವವರು ಗುಂಡಿ ಒತ್ತಬೇಕಾಗಿಯೂ ಇಲ್ಲ. ಮಧ್ಯದ ಚುಕ್ಕಿಯ ಬಣ್ಣ ಬದಲಾದರೆ ಹೇಳಿ ಅಂದರೆ ಆಯಿತು, ಕಣ್ಣು ಅಲ್ಲೇ ನಿಲ್ಲುತ್ತದೆ. ಮಿಂಚುವ ಬೆಳಕಿಗೆ ಫಿಟ್ಸ್ ಬರುವವರನ್ನು ಮಾತ್ರ ಕೂರಿಸಲೇಬಾರದು, ಮೊದಲೇ ಕೇಳಿ.

ಅಡಿಕೆಗೂ ಇದೇ ಪಾಕ. ನಾಲ್ಕು ಚಾಲಿ, ಐದನೇದು ಕೋಕಾ. ಅಕ್ಕನಲ್ಲಿ 1.2 ಏಳಬೇಕು, ನನ್ನಲ್ಲಿ ಏಳಬಾರದು ಅಥವಾ ಕಮ್ಮಿ ಏಳಬೇಕು. ಆದರೆ ಇಲ್ಲೊಂದು ಹೊಂಡ ಇದೆ. ಕೋಕಾದ ಬಣ್ಣವೇ ಸ್ವಲ್ಪ ಕಪ್ಪಾದರೆ, ಫೋಟೋದಲ್ಲಿ ಐದನೇ ಚಿತ್ರ ಪ್ರತಿ ಸಲ ಮಂಕಾಗಿರುತ್ತದೆ. ಆಗ ಅಡಿಕೆ ಅಂದರೇನು ಅಂತ ಗೊತ್ತಿಲ್ಲದವರ ಮಿದುಳೂ ಮಿಡಿಯುತ್ತದೆ. ಅದು ಗುರುತು ಹಿಡಿದದ್ದಲ್ಲ, ಬೆಳಕು ಕಂಡದ್ದು. ಹಾಗಾಗಿ ಒಂದೇ ಕಿಟಕಿ, ಒಂದೇ ಹೊತ್ತು, ಒಂದೇ ಹಿನ್ನೆಲೆಯಲ್ಲಿ ಫೋಟೋ ತೆಗೀರಿ. ಕಪ್ಪುಬಿಳುಪು ಮಾಡಿ ಎಲ್ಲದರ ಬೆಳಕು ಸಮ ಮಾಡಿ. ಜೊತೆಗೆ ಅವೇ ಚಿತ್ರಗಳನ್ನು ತುಂಡು ತುಂಡು ಮಾಡಿ ಕಲಸಿದ ಇನ್ನೊಂದು ಕಂತು ಓಡಿಸಿ. ಕಲಸಿದಾಗಲೂ 1.2 ಎದ್ದರೆ ಮೋಸ ಬೆಳಕಿನದ್ದೇ.

ಒಂದು ಎಚ್ಚರಿಕೆ, ಇದರಲ್ಲಿ ರಾಜಿ ಇಲ್ಲ. ತಲೆಗೆ ವೈರು ಕೂತಿರುವಾಗ ಲ್ಯಾಪ್‌ಟಾಪ್ ಚಾರ್ಜರಿನಲ್ಲಿ ಇರಬಾರದು. ಬ್ಯಾಟರಿಯಲ್ಲೇ ಓಡಬೇಕು.

ಲಕ್ಷದ ಆಸುಪಾಸಿನ ಹೆಡ್‌ಸೆಟ್, ಬೋರ್ಡು

ಧ್ಯಾನಕ್ಕೆ ಅಂತ ಮಾರುವ ಮ್ಯೂಸ್‌ನಂಥ ಪಟ್ಟಿ ಅಗ್ಗವೇ. ಆದರೆ ಎಲೆಕ್ಟ್ರೋಡ್ ಇರೋದು ಹಣೆಯಲ್ಲಿ ಮತ್ತು ಕಿವಿಯ ಹತ್ತಿರ. ತಲೆಯ ಹಿಂದೆ ಏನೂ ಇಲ್ಲ. ಬಿಡಿ.

ಎಮೋಟಿವ್ ಎಪಾಕ್‌ನಲ್ಲಿ 14 ಚಾನೆಲ್, ಅದರಲ್ಲಿ ಓ1, ಓ2, ಪಿ7, ಪಿ8 ನಾಲ್ಕೂ ಇವೆ. ಉಪ್ಪುನೀರಿನ ಸ್ಪಂಜು, ಐದು ನಿಮಿಷಕ್ಕೆ ತಯಾರು. ದಪ್ಪ ಜಡೆಯವರಿಗೆ ಕೂರೋದೇ ಕಷ್ಟ, ನಮ್ಮ ಕಡೆ ಇದು ಸಣ್ಣ ಮಾತಲ್ಲ. ಓಪನ್‌ಬಿಸಿಐನ ಸೈಟನ್ ಬೋರ್ಡು 8 ಚಾನೆಲ್, ಸೆಕೆಂಡಿಗೆ 250 ಸಲ ಅಳೆಯುತ್ತದೆ, ಬ್ಯಾಟರಿಯಲ್ಲಿ ಓಡುತ್ತದೆ. ಎಲೆಕ್ಟ್ರೋಡನ್ನು ಬೇಕಾದಲ್ಲಿ ಅಂಟಿಸಬಹುದು. ಎಂಟನ್ನೂ ತಲೆಯ ಹಿಂದೆಯೇ ಹಾಕಿದರೆ ನಮ್ಮ ಕೆಲಸಕ್ಕೆ ಅದು 14ಕ್ಕಿಂತ ಮೇಲು. ಎರಡೂ ವೈರ್‌ಲೆಸ್, ಹಾಗಾಗಿ ಟ್ರಿಗರ್ ತೊಂದರೆ ಎರಡಕ್ಕೂ ಇದೆ. ಸೈಟನ್‌ನಲ್ಲಿ ಪರದೆಯ ಮೂಲೆಗೆ ಬೆಳಕು ಹಿಡಿಯುವ ಚಿಕ್ಕ ಸೆನ್ಸರ್ ಅಂಟಿಸಿ ಅದರ ಸಿಗ್ನಲನ್ನೂ ಬೋರ್ಡಿಗೇ ಕೊಡಬಹುದು. ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ಬ್ಯಾಚು ಬಳಸುತ್ತದೆ ಅಂದರೆ ಈ ದುಡ್ಡು ಸಾರ್ಥಕ. ಒಬ್ಬರ ಒಂದು ಪ್ರಾಜೆಕ್ಟಿಗೆ ಅಂದರೆ ನಾನು ಬೇಡ ಅನ್ನುತ್ತೇನೆ.

ಆಸ್ಪತ್ರೆಯ ಮಷಿನ್

ಜಿಲ್ಲೆಯಲ್ಲಿ ಇಇಜಿ ಇರುವ ಆಸ್ಪತ್ರೆಗಳಿವೆ, ಪರಿಚಯದ ಡಾಕ್ಟರಿದ್ದರೆ ಭಾನುವಾರ ಕೊಡಬಹುದು. ತಲೆ ತುಂಬ ಎಲೆಕ್ಟ್ರೋಡ್, ಹಿಂದೆಯೂ ಇದೆ, ಪೇಸ್ಟ್ ಹಚ್ಚಿ ಚೆನ್ನಾಗಿ ಕೂರಿಸುವ ಟೆಕ್ನಿಷಿಯನ್ ಇದ್ದಾರೆ. ನಾನೂ ಹಾಗೇ ಕುಣಿದುಕೊಂಡು ಹೋಗಿದ್ದೆ, ಎಲ್ಲಿ ಅಂತ ಹೇಳೋದು ಬೇಡ. ಆರು ವಿದ್ಯಾರ್ಥಿಗಳು, ಬೆಳಗ್ಗೆಯಿಂದ ಸಂಜೆವರೆಗೆ. ಅಲೆ ಕನ್ನಡಿ ಹಾಗೆ ಸ್ವಚ್ಛ. ಮನೆಗೆ ಬಂದು ಬಿಚ್ಚಿದರೆ ಚಿತ್ರ ತೋರಿಸಿದ ಲ್ಯಾಪ್‌ಟಾಪಿನ ಗಡಿಯಾರಕ್ಕೂ ಮಷಿನ್ ಗಡಿಯಾರಕ್ಕೂ ತಾಳೆಯೇ ಇಲ್ಲ. ಎಷ್ಟು ವ್ಯತ್ಯಾಸ ಅಂತ ತಿಳಿಯುವ ದಾರಿಯೂ ಇಲ್ಲ. ಆ ಮಷಿನ್‌ನಲ್ಲಿ ಹೊರಗಿನ ಟ್ರಿಗರ್ ಹಾಕುವ ಜಾಗವೇ ಇರಲಿಲ್ಲ, ನಾನು ಮೊದಲು ಕೇಳಿರಲಿಲ್ಲ. ಆರೂ ಜನರ ದಾಖಲೆ ಕಸಕ್ಕೆ. ತಪ್ಪು ಮಷಿನ್‌ದಲ್ಲ. ಅದನ್ನು ಮಾಡಿದ್ದು ಫಿಟ್ಸ್ ನೋಡೋದಕ್ಕೆ.

ಆವತ್ತು 6 ಹರ್ಟ್ಸ್ ಉಪಾಯ ಗೊತ್ತಿದ್ದರೆ ಆ ದಿನ ಉಳಿಯುತ್ತಿತ್ತು. ಇಂಥ ಮಷಿನ್ ಸಿಕ್ಕರೆ ಅದನ್ನೇ ಓಡಿಸಿ. ನಿಮ್ಮ ಸ್ವಂತ ಸರ್ಕ್ಯೂಟನ್ನು ಮಾತ್ರ ರೋಗಿಗಳ ಮಷಿನ್‌ಗೆ ಜೋಡಿಸಬೇಡಿ.

ಬೆಂಗಳೂರಿನ ದಾರಿ

64 ಚಾನೆಲ್, ಗದ್ದಲ ತಡೆಯುವ ಕೋಣೆ, ಮಿಲಿಸೆಕೆಂಡ್ ತಪ್ಪದ ಟ್ರಿಗರ್ ಬೇಕು ಅಂದರೆ ಸಂಶೋಧನಾ ಲ್ಯಾಬೇ ಆಗಬೇಕು. ಸಲಕರಣೆ ಹತ್ತಾರು ಲಕ್ಷದ್ದು, ಕೊಳ್ಳುವ ಮಾತಿಲ್ಲ. ಐಐಎಸ್‌ಸಿಯ ನ್ಯೂರೋಸೈನ್ಸ್ ಕೇಂದ್ರದಲ್ಲಿ ನೋಟದ ಬಗ್ಗೆಯೇ ಕೆಲಸ ಮಾಡುವವರಿದ್ದಾರೆ, ನಿಮ್ಹಾನ್ಸ್ ಇದೆ. ಸುಮ್ನೆ ಇಮೇಲ್ ಕಳಿಸಿದರೆ ಉತ್ತರ ಬರೋದು ಅಪರೂಪ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ, ಅದರಲ್ಲಿ ವಿದ್ಯಾರ್ಥಿಗಳಿಗೂ ಮೇಷ್ಟ್ರುಗಳಿಗೂ ಜಾಗ ಇದೆ. ಹೋಗುವ ಮೊದಲು ಇಆರ್‌ಪಿ ಕೋರ್ ಹಿಡಿದು ಎನ್170ರ ಚಿತ್ರವನ್ನು ನೀವೇ ಬಿಡಿಸಿಕೊಂಡು ಹೋಗಿ. ಅರ್ಜಿಯ ತೂಕ ಬದಲಾಗುತ್ತದೆ. ಇದರ ಕೊರತೆ ಅಂದರೆ ಅಡಿಕೆ ಅಕ್ಕ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬರೋದಿಲ್ಲ. ಕಾರವಾರದ ಮೀನು ಮಾರ್ಕೆಟ್ಟಿನವರೂ ಬರೋದಿಲ್ಲ.

ಎಣ್ಣೆ, ಬೆವರು, ಕರೆಂಟು

ಯಾವ ಮಷಿನ್ ಆದರೂ ಈ ಮೂರು ಬಿಡೋದಿಲ್ಲ. ನಮ್ಮಲ್ಲಿ ತಲೆಗೆ ಕೊಬ್ಬರಿ ಎಣ್ಣೆ ಹಾಕದವರು ಯಾರು? ಎಣ್ಣೆ ಇದ್ದರೆ ಎಲೆಕ್ಟ್ರೋಡಿಗೂ ಚರ್ಮಕ್ಕೂ ಸಂಬಂಧವೇ ಕೂಡೋದಿಲ್ಲ. ಹಿಂದಿನ ದಿನ ಶಾಂಪೂ ಹಾಕಿ ಸ್ನಾನ, ಬೆಳಗ್ಗೆ ಎಣ್ಣೆ ಇಲ್ಲ, ತುರುಬು ಇಲ್ಲ, ಮಲ್ಲಿಗೆ ಇಲ್ಲ. ತುರುಬು ಕೂರುವ ಜಾಗದಲ್ಲೇ ಓ1, ಓ2 ಇರೋದು. ಕೂದಲನ್ನು ಬಾಚಣಿಗೆಯ ಬಾಲದಿಂದ ಬೈತಲೆ ತೆಗೆದು, ಸ್ಪಿರಿಟ್ ಹತ್ತಿಯಿಂದ ಒರೆಸಿ, ಪೇಸ್ಟ್ ಹಚ್ಚಿ ಒತ್ತಿ.

ಕಾರವಾರ, ಅಂಕೋಲಾ ಕಡೆಯವರಿಗೆ ಬೆವರು. ಬೆವರಿದರೆ ಅಲೆ ನಿಧಾನಕ್ಕೆ ಮೇಲೆ ಕೆಳಗೆ ತೇಲುತ್ತದೆ, 1.2 ಹರ್ಟ್ಸ್ ಹತ್ತಿರ ಬಂದು ಕಾಟ ಕೊಡುತ್ತದೆ. ಎಸಿ ಇಲ್ಲದಿದ್ದರೆ ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಇಟ್ಟುಕೊಳ್ಳಿ. ಫ್ಯಾನು ತಲೆ ಮೇಲೆ ಬೇಡ, ವೈರು ಅಲುಗುತ್ತದೆ. ಘಟ್ಟದ ಮೇಲೆ ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತೇ ಇದೆ. ಇನ್ವರ್ಟರ್ ಓಡುತ್ತಿದ್ದರೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಇನ್ನೂ ಒರಟಾಗುತ್ತದೆ. ಕೋಣೆಯ ಮೇನ್ ಸ್ವಿಚ್ಚೇ ಆರಿಸಿ ಕೂತರೆ ಎಷ್ಟೋ ನೆಮ್ಮದಿ.

ಯಾರಿಗೆ ಏನು ಹೇಳಿದೆ

ಕಾರವಾರದ ಹುಡುಗನಿಗೆ ಊಹಿಸುವ ಆಸೆ, ಪೈಥಾನ್ ಬರುತ್ತದೆ. 10 ಜನರ ಥಿಂಗ್ಸ್ ದತ್ತಾಂಶ ಹಿಡಿ, ಯಾವ ಮಷಿನ್ನೂ ಕೊಳ್ಳಬೇಡ ಅಂದೆ. ಸ್ವಲ್ಪ ಮುಖ ಸಣ್ಣ ಮಾಡಿಕೊಂಡ. ಮೇಷ್ಟ್ರಿಗೆ ಗುಂಡಿ ಒತ್ತಿಸುವ ಪ್ರಯೋಗ ಸಾಕು. ಮಕ್ಕಳಿಗೆ ಕಣ್ಣು ಮುಚ್ಚಿ ತೆರೆಯುವ ಆಟ ತೋರಿಸಬೇಕು ಅನಿಸಿದರೆ ಚಿಕ್ಕ ಬೋರ್ಡನ್ನು ತಮ್ಮ ತಲೆಗೇ ಅಂಟಿಸಿಕೊಂಡು ತೋರಿಸಲಿ. ಕುಮಟಾದ ಹುಡುಗಿಯರ ಕೈಯಲ್ಲಿ ಹತ್ತು ಸಾವಿರ ಇತ್ತು, ನಾಲ್ಕು ತಿಂಗಳಿತ್ತು. ಮೊದಲ ತಿಂಗಳು ಇಆರ್‌ಪಿ ಕೋರ್, ಆಮೇಲೆ ಒಂದು ಚಾನೆಲ್ ಕಿಟ್, 6 ಹರ್ಟ್ಸ್, ಮೊದಲು ಮುಖ, ಅದು ಎದ್ದರೆ ಮಾತ್ರ ಅಡಿಕೆ.

ಮುಖ ಎದ್ದಿದೆ, 1.2ರಲ್ಲಿ ಚಿಕ್ಕದಾಗಿ, 2.4ರಲ್ಲಿ ಚೆನ್ನಾಗಿ. ಅವರು ಕಾಲೇಜಿನ ಸಮಿತಿಯ ಒಪ್ಪಿಗೆ ಚೀಟಿ ಹಿಡಿದು ಅಡಿಕೆ ಅಕ್ಕನನ್ನು ಕೇಳಲು ಬಂದಿದ್ದರು. ಅಕ್ಕ ಎಲ್ಲ ಕೇಳಿಸಿಕೊಂಡರು, ಕೈ ಮಾತ್ರ ಮೊರದ ಮೇಲೆ ನಿಲ್ಲಲಿಲ್ಲ.

"ಸುಗ್ಗಿ ಮುಗೀಲಿ, ಬರ್ತೆ. ವೈರು ಹಚ್ಚಿದ್ರೆ ಹಚ್ಚಿ. ತಲೆಗೆ ಎಣ್ಣೆ ಬೇಡ ಅಂತೀರಲ್ಲ, ಅದೊಂದು ಯೋಚನೆ ಮಾಡಿ ಹೇಳ್ತೆ."